ಸವಣೂರಿನ ಓಣಿಯಲ್ಲಿ ಒಂದು ಮುಂಗಾರು

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಶಿಗ್ಗಾವಿ, ಬಂಕಾಪುರ ಎಂದರೆ ಹಸಿರು ಫಲಕದ ಮೇಲಿನ ಹೆಸರುಗಳು. ಹುಬ್ಬಳ್ಳಿ ಬಿಟ್ಟ ಬಸ್ಸು ದಾವಣಗೆರೆ ಮುಟ್ಟುವವರೆಗೆ ಕಿಟಕಿಯಾಚೆ ಕಣ್ಣು ಹಾಯಿಸುವವರು ಕಡಿಮೆ. ಆ ಹೆದ್ದಾರಿಯ ಪೂರ್ವಕ್ಕೆ ಸವಣೂರಿದೆ, ಪಶ್ಚಿಮಕ್ಕೆ ಹಾನಗಲ್, ಇನ್ನೂ ಕೆಳಗೆ ಮಲೆನಾಡಿನ ಅಂಚಿಗೆ ಹಿರೇಕೆರೂರು. ಈ ಊರುಗಳನ್ನು ನೋಡಲು ಬರುವವರೂ ಗುಡಿಯ ಮುಂದೆ ಕಾರು ನಿಲ್ಲಿಸಿ, ಫೋಟೋ ತೆಗೆದು, ಸಂಜೆಯೊಳಗೆ ಹುಬ್ಬಳ್ಳಿಗೆ ವಾಪಸಾಗುತ್ತಾರೆ. ರಾತ್ರಿ ಉಳಿಯುವುದಿಲ್ಲ. ಉಳಿಯದವರಿಗೆ ಈ ಊರುಗಳು ತಮ್ಮ ಒಳ್ಳೆಯದನ್ನೆಲ್ಲ ತೋರಿಸಿರುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ನಾನು ಉಳಿದಿದ್ದೇನೆ.

ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಇದು ಒಂದು ಲೆಕ್ಕದಲ್ಲಿ ಪರದೇಶ. ನಮ್ಮ ತಾತನ ಕಾಲಕ್ಕಂತೂ ನಿಜವಾಗಿಯೂ ಪರರಾಜ್ಯ. ಆಗ ಶಿಕಾರಿಪುರ ದಾಟಿದರೆ ಮಹಾರಾಜರ ಸೀಮೆ ಮುಗಿದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ ಶುರುವಾಗುತ್ತಿತ್ತು. ಹಿರೇಕೆರೂರಿನಲ್ಲಿದ್ದದ್ದು ಕೋಡ ತಾಲ್ಲೂಕಿನ ಕಚೇರಿ, ಶಿಗ್ಗಾವಿಯಲ್ಲಿದ್ದದ್ದು ಬಂಕಾಪುರ ತಾಲ್ಲೂಕಿನ ಕಚೇರಿ. ನಡುವೆ ಸವಣೂರು ಮಾತ್ರ ನವಾಬರದು. ಸುಮಾರು 70 ಚದರ ಮೈಲಿಯ ಆ ಪುಟ್ಟ ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. 1956ರ ಏಕೀಕರಣ ಈ ಗೆರೆಗಳನ್ನೆಲ್ಲ ಅಳಿಸಿತು, 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಯಿತು. ಆದರೂ ನನ್ನ ಕಿವಿಗೆ ಆ ಗಡಿ ಇನ್ನೂ ಕೇಳಿಸುತ್ತದೆ. ಶಿಕಾರಿಪುರದಲ್ಲಿ ನನ್ನ ಮಾತು ಯಾರಿಗೂ ಹೊಸದೆನಿಸಲಿಲ್ಲ. ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ ಇಳಿದು ಬಾಯಿ ತೆರೆದ ಕೂಡಲೇ ಪಕ್ಕದಲ್ಲಿದ್ದ ಹೆಂಗಸು, 'ಮ್ಯಾಲಿನ ಸೀಮಿಯವರೇನ್ರೀ ಅಕ್ಕಾರ?' ಎಂದು ಕೇಳಿದಳು.

ನಾನು ಬಂದದ್ದು ಹೆಂಗಸರ ಬೀಸುವ ಹಾಡು, ಕುಟ್ಟುವ ಹಾಡು ಬರೆದುಕೊಳ್ಳಲು. 2011ರಲ್ಲಿ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಶುರುವಾದ ಮೇಲೆ ಈ ಭಾಗಕ್ಕೆ ಬಂದುಹೋಗುವ ನನ್ನಂಥವರು ಹೆಚ್ಚಾಗಿದ್ದಾರೆ. ಅವರಲ್ಲಿ ಹೆಚ್ಚಿನವರು ಹುಬ್ಬಳ್ಳಿಯಲ್ಲೋ ಹಾವೇರಿಯಲ್ಲೋ ಬಿಡಾರ ಹೂಡಿ ಹಗಲು ಮಾತ್ರ ಹಳ್ಳಿ ಸುತ್ತುತ್ತಾರೆ. ನನಗೆ ಅದು ಆಗಿಬರಲಿಲ್ಲ. ಹಾಡು ಹೇಳುವ ಹೆಂಗಸರಿಗೆ ಪುರುಸೊತ್ತಾಗುವುದು ರಾತ್ರಿ ಊಟವಾದ ಮೇಲೆ; ಆ ಹೊತ್ತಿಗೆ ನನಗೆ ಬಸ್ ಹಿಡಿಯುವ ಗಡಿಬಿಡಿ. ಒಂಟಿ ಹೆಂಗಸಿಗೆ ಲಾಡ್ಜಿನಲ್ಲಿ ಕೋಣೆ ಕೊಡಲು ಹಿಂದೆಮುಂದೆ ನೋಡುವವರೂ ಇದ್ದರು. ಕೊನೆಗೆ ಸವಣೂರಿನಲ್ಲಿ ಎಲೆಅಡಿಕೆ ಮಾರುವವರೊಬ್ಬರು ದಾರಿ ತೋರಿಸಿದರು. 'ನಮ್ಮ ಓಣ್ಯಾಗ ಅವ್ವಾರ ಮನಿ ಐತ್ರಿ. ಮ್ಯಾಲಿನ ಖೋಲಿ ಖಾಲಿನ ಬಿದ್ದೈತಿ. ಕೇಳಿ ನೋಡ್ರಿ' ಎಂದರು.

ಅವ್ವಾರು ಎಪ್ಪತ್ತು ದಾಟಿದವರು. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದರು. ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಬಾಡಿಗೆಯ ಮಾತೆತ್ತುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: 'ಊಟ ಆತೇನವಾ ತಂಗಿ?'

ಮನೆ ಹಳೆಯದು. ತಲೆಬಾಗಿಲು ದಾಟಿದರೆ ಹಿಂದೊಮ್ಮೆ ಎತ್ತು ಕಟ್ಟುತ್ತಿದ್ದ ದಂದಕ್ಕಿ, ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಒಳಗೆ ಕತ್ತಲ ನಡುಮನೆ, ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಲು. ಪಡಸಾಲೆಯ ಮೂಲೆಯಿಂದ ಕಡಿದಾದ ಮರದ ನಿಚ್ಚಣಿಕೆ ಹತ್ತಿದರೆ ನನ್ನ ಖೋಲಿ. ಅಲ್ಲೊಂದು ಕಿಟಕಿ, ಕಿಟಕಿಯ ಕೆಳಗೆ ಓಣಿ. ಎರಡು ಎತ್ತಿನಗಾಡಿ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು, ಅಷ್ಟೇ ಅಗಲ. ಒಂದು ತುದಿಯಲ್ಲಿ ಹಿಟ್ಟಿನ ಗಿರಣಿ, ಇನ್ನೊಂದು ತುದಿಯಲ್ಲಿ ಬೇವಿನ ಮರ. ಟಂಟಂ ಗಾಡಿಗಳು ಆ ಬೇವಿನ ಮರದ ತನಕ ಬಂದು ತಿರುಗುತ್ತಿದ್ದವು, ಒಳಗೆ ಬರುತ್ತಿರಲಿಲ್ಲ.

ಆ ಓಣಿಯ ಶಾಂತಿಯನ್ನು ಹೇಗೆ ಹೇಳಲಿ? ಸದ್ದೇ ಇರಲಿಲ್ಲವೆಂದಲ್ಲ. ನಸುಕಿನಲ್ಲಿ ಮಸೀದಿಯ ಬಾಂಗು, ಅದರ ಹಿಂದೆಯೇ ಯಾರದೋ ಅಂಗಳಕ್ಕೆ ನೀರು ಚಿಮುಕಿಸುವ ಸದ್ದು, ಆಮೇಲೆ 'ನಳಾ ಬಂತು' ಎಂಬ ಕೂಗು, ಕೊಡಗಳ ಗಲಾಟೆ. ಎಂಟರ ಹೊತ್ತಿಗೆ ಕಾಯಿಪಲ್ಲೆಯವಳು, ಹತ್ತಕ್ಕೆ ಗಿರಣಿ, ಮಧ್ಯಾಹ್ನ ಮೂರರ ತನಕ ಏನೂ ಇಲ್ಲ. ಪ್ರತಿಯೊಂದು ಸದ್ದಿಗೂ ಒಬ್ಬ ಯಜಮಾನ ಇರುತ್ತಿದ್ದ. ಕೇಳಿದ ಕೂಡಲೇ ಯಾರದು, ಯಾತಕ್ಕೆ ಎಂದು ಗೊತ್ತಾಗುತ್ತಿತ್ತು. ಕೆಲವೇ ವಾರದಲ್ಲಿ ಚಾಪೆಯ ಮೇಲೆ ಕಣ್ಣು ಮುಚ್ಚಿಕೊಂಡೇ ಓಣಿಯ ದಿನಚರಿ ಓದುವಷ್ಟು ಕಿವಿ ಪಳಗಿತು.

ಈ ಊರು ಯಾವಾಗಲೂ ಹೀಗೆ ಇರಲಿಲ್ಲ. ಬಿಜಾಪುರ, ಮೊಗಲ, ಮರಾಠ, ಮೈಸೂರು ಎಂದು ಎಲ್ಲ ದೊಡ್ಡ ಶಕ್ತಿಗಳ ದಾರಿಗೂ ಸವಣೂರು ಅಡ್ಡ ಸಿಕ್ಕಿದೆ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯನ ದಂಡು, ಫ್ರೆಂಚರ ಬುಸ್ಸಿಯ ತೋಪುಗಳು ಊರನ್ನು ಮುತ್ತಿದವು. ಮುಂದೆ ಹೈದರಾಲಿ ಸವಣೂರಿನ ನವಾಬರೊಂದಿಗೆ ಬೀಗತನ ಬೆಳೆಸಿದ. ಆ ಬೀಗತನ ಇದ್ದರೂ ಟಿಪ್ಪು 1786ರಲ್ಲಿ ಊರನ್ನು ವಶಪಡಿಸಿಕೊಂಡ. ಇಷ್ಟೆಲ್ಲ ಕಂಡ ಊರಿನಲ್ಲಿ ಈಗ ಕೋಟೆಯ ಅಗಸೆಯ ಪಕ್ಕ ಮೇಕೆಗಳು ಮಲಗಿರುತ್ತವೆ. ಗದ್ದಲವೆಲ್ಲ ಮುಗಿದ ಮೇಲೆ ಉಳಿದ ಶಾಂತಿ ಇದು. ಅದಕ್ಕೇ ಇದರಲ್ಲಿ ಗಾಂಭೀರ್ಯವಿದೆ ಎಂದು ನನಗನ್ನಿಸುತ್ತಿತ್ತು.

ಹೊರಗಿನಿಂದ ಬಂದವರನ್ನು ಉಳಿಸಿಕೊಳ್ಳುವುದು ಸವಣೂರಿಗೆ ಹಳೆಯ ಅಭ್ಯಾಸ. ನವಾಬರ ಪಠಾಣ ಮನೆತನ ಹೊರಗಿನಿಂದ ಬಂದದ್ದು. ಊರೂರು ಸಂಚರಿಸಿದ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ವೃಂದಾವನ ಇರುವುದೂ ಇಲ್ಲೇ. ಅವರು 1783ರಲ್ಲಿ ಬೃಂದಾವನಸ್ಥರಾದರು. ಅವ್ವಾರ ಓಣಿಯಿಂದ ಮಠಕ್ಕೂ ಮಸೀದಿಗೂ ನಡೆದೇ ಹೋಗಬಹುದು. ಎಲ್ಲರಿಗಿಂತ ದೂರದಿಂದ ಬಂದವರು ಮಾತ್ರ ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿದ್ದಾರೆ.

ಅವು ಮೂರು ಮರಗಳು. ಬಾಓಬಾಬ್ ಎಂದು ಜಗತ್ತು ಕರೆಯುವ, ಆಫ್ರಿಕಾ ನೆಲದ ಮರಗಳು. ಹುಣಸೆಗೂ ಅವಕ್ಕೂ ನೆಂಟಸ್ತಿಕೆ ಇಲ್ಲ, ಕಾಯಿಯ ತಿರುಳು ಹುಳಿ ಎಂಬ ಕಾರಣಕ್ಕೆ ಇಲ್ಲಿಯವರು ದೊಡ್ಡ ಹುಣಸೆ ಎಂದರು. ಯಾರು, ಯಾವ ಕಾಲದಲ್ಲಿ ತಂದರು ಎಂಬುದಕ್ಕೆ ಹಲವು ಕಥೆಗಳಿವೆ. ಶ್ರೀಕೃಷ್ಣನೇ ತಂದ ಎಂಬುದು ಅವ್ವಾರ ಪಾಲಿಗೆ ನಿಜವಾದ ಕಥೆ. ನಾನು ಮೊದಲು ನೋಡಲು ಹೋದಾಗ ಮುಂಗಾರಿನ ಮೊದಲ ಮಳೆಗಳು ಬಿದ್ದಿದ್ದವು. ಆನೆಯ ಚರ್ಮದಂತೆ ಬೂದುಬಣ್ಣಕ್ಕೆ ಸುಕ್ಕುಗಟ್ಟಿದ ಬೊಡ್ಡೆ. ಅಷ್ಟು ದಪ್ಪ ಬೊಡ್ಡೆಯ ಮೇಲೆ ಆಗತಾನೆ ಬಿಚ್ಚಿಕೊಂಡ, ಬೆರಳುಗಳನ್ನು ಅಗಲಿಸಿದ ಅಂಗೈಯ ಆಕಾರದ ಎಳೆ ಎಲೆಗಳು. ತೊಗಟೆಯ ಮೇಲೆ ಕೈಯಿಟ್ಟರೆ ತಂಪು. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತು, ಬೊಡ್ಡೆಯೊಳಗೆ ಹಿಡಿದಿಟ್ಟ ನೀರಿನಲ್ಲೇ ಬದುಕಿ, ಮಳೆ ಬಂದಾಗ ಮತ್ತೆ ಚಿಗುರುವ ಜಾತಿ ಅದು. ಮಳೆಗಾಲದಲ್ಲಿ ಉದ್ದ ತೊಟ್ಟಿನಿಂದ ಕೆಳಮುಖವಾಗಿ ಜೋತುಬೀಳುವ ದೊಡ್ಡ ಬಿಳಿ ಹೂಗಳು ಬಿಡುತ್ತವೆ. ಅವು ಅರಳುವುದು ಸಂಜೆಯ ಮೇಲೆ, ಬಾವಲಿಗಳು ಹಾರಾಡುವ ಹೊತ್ತಿಗೆ. ಸಂಜೆಯ ಬಸ್ಸಿಗೆ ಊರು ಬಿಟ್ಟವರು ಆ ಹೂವನ್ನು ನೋಡುವುದು ಹೇಗೆ?

2023ರ ಜುಲೈ ಮಳೆಗೆ ಆ ಮೂರರಲ್ಲಿ ಒಂದು ಮರ ಬುಡಸಮೇತ ಉರುಳಿತು. ಸುದ್ದಿ ಕೇಳಿ ಮೈಸೂರಿನಲ್ಲಿದ್ದ ನನಗೆ ಮನೆಯ ಹಿರಿಯರೊಬ್ಬರು ಬಿದ್ದಂತೆ ಸಂಕಟವಾಯಿತು. ಅವ್ವಾರಿಗೆ ಫೋನು ಮಾಡಿದೆ. 'ಅಳಬ್ಯಾಡವಾ ತಂಗಿ, ಮತ್ತ ಎಬ್ಬಿಸಿ ನಿಂದರಸ್ತಾರಂತ' ಎಂದರು. ಹಾಗೇ ಆಯಿತು. ಜಿಲ್ಲಾಡಳಿತ, ಅರಣ್ಯ ಇಲಾಖೆಯವರು ಕ್ರೇನು ತರಿಸಿ, ಕೊಂಬೆ ಸವರಿ, ಅದೇ ಜಾಗದಲ್ಲಿ ಮರವನ್ನು ಮತ್ತೆ ನಿಲ್ಲಿಸಿದರು. ಮರ ಚಿಗುರಿತು ಎಂಬ ಸುದ್ದಿಯೂ ಬಂತು. ನಗರಗಳಲ್ಲಿ ರಸ್ತೆ ಅಗಲ ಮಾಡಲು ಸಾಲುಮರಗಳನ್ನು ಒಂದೇ ರಾತ್ರಿಯಲ್ಲಿ ಉರುಳಿಸುವುದನ್ನು ನೋಡಿ ಬೇಸತ್ತವಳು ನಾನು. ಒಂದು ಸಣ್ಣ ಊರು ಬಿದ್ದ ಮರಕ್ಕಾಗಿ ಇಷ್ಟು ಬಡಿದಾಡಿದ್ದು ನನ್ನ ಮಟ್ಟಿಗೆ ದೊಡ್ಡ ಸಂಗತಿ.

ಓಣಿಗೆ ಮರಳಿ ಬರುತ್ತೇನೆ. ಎದುರುಮನೆಯಲ್ಲಿ ಒಬ್ಬ ಖಾಲಾ ಇದ್ದರು. ಓಣಿಗೆಲ್ಲ ಅವರು ಖಾಲಾನೇ, ಅವ್ವಾರಿಗೂ. ಕೈಹೊಲಿಗೆಯ ಕೌದಿಯಲ್ಲಿ ಪಳಗಿದವರು. ಮಳೆ ಹಿಡಿದ ಮಧ್ಯಾಹ್ನಗಳಲ್ಲಿ ಅವರು ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಹಾಸಿ, ಬಾಯಲ್ಲಿ ಸವಣೂರ ಎಲೆ ಹಾಕಿಕೊಂಡು, ಸೂಜಿ ಹಿಡಿದು ಕೂರುತ್ತಿದ್ದರು. ಆ ಎಲೆಯ ಬಗ್ಗೆ ಒಂದು ಮಾತು. ಮೈಸೂರು ಚಿಗುರೆಲೆಯ ಮೇಲೆ ಅಭಿಮಾನವಿರುವ ನನಗೂ ಸವಣೂರ ಎಲೆಯ ರುಚಿಗೆ ತಲೆಬಾಗಬೇಕಾಯಿತು. ಊರಿನ ಸುತ್ತ ಎಲೆಬಳ್ಳಿಯ ತೋಟಗಳಿವೆ. ಚೊಗಚೆ, ನುಗ್ಗೆ ಗಿಡಗಳಿಗೆ ಬಳ್ಳಿ ಹಬ್ಬಿಸಿರುತ್ತಾರೆ. ಒಳಗೆ ಕಾಲಿಟ್ಟರೆ ನಡುಬೇಸಿಗೆಯಲ್ಲೂ ನೆಲ ಒದ್ದೆ, ಬೆಳಕು ಹಸಿರು. ಖಾಲಾ ನನಗೆ ಎಲೆ ಕಟ್ಟಿಕೊಡುತ್ತ ಪ್ರತಿ ಸಲವೂ ತೊಟ್ಟು ಮುರಿದು, ತುದಿ ಚಿವುಟಿ, ಬೆನ್ನಿನ ನರವನ್ನು ಉಗುರಿನಿಂದ ಎಳೆದು ತೆಗೆದು, ಆಮೇಲೆ ಸುಣ್ಣ ಸವರುತ್ತಿದ್ದರು. ಆ ನಾಲ್ಕು ಕೆಲಸವನ್ನು ಅವರ ಬೆರಳುಗಳು ತಾವಾಗಿಯೇ ಮಾಡುತ್ತಿದ್ದವು. ಬಾಯಿ ಮಾತಾಡುತ್ತಲೇ ಇರುತ್ತಿತ್ತು.

ನಾಗರ ಪಂಚಮಿಯ ಮುನ್ನಾದಿನದ ರೊಟ್ಟಿ ಹಬ್ಬ ನಾನು ಆ ಓಣಿಯಲ್ಲಿ ಕಂಡ ಅತ್ಯಂತ ಚೆಂದದ ಸಂಗತಿ. ನಮ್ಮ ಕಡೆ ಇದಿಲ್ಲ. ವಾರ ಮೊದಲಿನಿಂದಲೇ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಜೋಳದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಗದದಷ್ಟು ತೆಳ್ಳಗೆ ತಟ್ಟಿ ಬುಟ್ಟಿಗಟ್ಟಲೆ ಪೇರಿಸಿಟ್ಟಿರುತ್ತಾರೆ. ಆ ದಿನ ಬೆಳಗ್ಗೆ ಮಡಕೆಕಾಳು, ಹೆಸರುಕಾಳು, ಅಲಸಂದೆ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಅಗಸೆ ಚಟ್ನಿ, ಕೆನೆಮೊಸರು. ಇಷ್ಟನ್ನೂ ಒಂದು ತಾಟಿನಲ್ಲಿಟ್ಟು, ಮೇಲೆ ರೊಟ್ಟಿ ಹೊದಿಸಿ, ಅಕ್ಕಪಕ್ಕದ ಮನೆಗಳಿಗೆ ಕೊಟ್ಟು ಬರಬೇಕು. ಕೊಟ್ಟವರ ತಾಟು ಬರಿದಾಗಿ ಮರಳುವ ಹಾಗಿಲ್ಲ, ಪಡೆದವರ ಮನೆಯ ರೊಟ್ಟಿ ಅದರಲ್ಲಿ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಪ್ರತಿ ಮನೆಯಲ್ಲೂ ಇಡೀ ಓಣಿಯ ರೊಟ್ಟಿ! ಯಾರ ಕೈ ತೆಳುವು, ಯಾರ ಚಟ್ನಿ ಖಾರ ಎಂದು ಒಂದೊಂದು ತುಂಡು ಮುರಿದು ಮಾತಾಡುತ್ತಾರೆ. ಅವ್ವಾರು ನನ್ನ ಕೈಗೂ ಒಂದು ತಾಟು ಕೊಟ್ಟು, 'ಹೋಗಿ ಕೊಟ್ಟ ಬಾರವಾ, ನೀನೂ ಈ ಓಣ್ಯಾಕಿ' ಎಂದರು. ಖಾಲಾ ಮನೆಗೆ ನಾನೇ ಒಯ್ದೆ. ಆಕೆ ತಾಟು ತೊಳೆದು, ಒರೆಸಿ, ಅದರಲ್ಲಿ ಶೇಂಗಾ ಉಂಡೆ ಹಾಕಿ ಕೊಟ್ಟರು. ಸಂಜೆ ಬೇವಿನ ಮರಕ್ಕೆ ಜೋಕಾಲಿ ಬಿತ್ತು. ಮೊಮ್ಮಕ್ಕಳನ್ನು ಕಂಡ ಹೆಂಗಸರೂ ಸೆರಗು ಬಿಗಿದು ಜೀಕಿದರು. ನಾನೂ ಜೀಕಿದೆ. ನನ್ನ ನೋಟ್‌ಬುಕ್ಕಿನಲ್ಲಿರುವ ಒಳ್ಳೆಯ ಹಾಡುಗಳೆಲ್ಲ ಆ ರಾತ್ರಿ ಸಿಕ್ಕವು, ಒಂದನ್ನೂ ನಾನು ಕೇಳಿ ಹಾಡಿಸಿದ್ದಲ್ಲ.

ಇದಾದ ಮೇಲೆ ಮಗನ ಮನೆಗೆಂದು ಅಮೆರಿಕದ ನ್ಯೂಜೆರ್ಸಿಗೆ ಹೋಗಿ ಇದ್ದು ಬಂದೆ. ಅಲ್ಲಿಯದೂ ಶಾಂತವಾದ ಬಡಾವಣೆಯೇ. ಹುಲ್ಲು ಕತ್ತರಿಸಿದ ಅಂಗಳ, ಮೇಪಲ್ ಮರಗಳು, ನಡೆಯಲು ಬೇರೆ ದಾರಿ. ಬೆಳಗಿನ ನಡಿಗೆಯಲ್ಲಿ ಸಿಕ್ಕವರೆಲ್ಲ ನಕ್ಕು ಕೈಯೆತ್ತುತ್ತಿದ್ದರು. ಆ ಊರನ್ನೂ ನಾನು ಪ್ರೀತಿಯಿಂದಲೇ ನೆನೆಯುತ್ತೇನೆ, ಚಳಿಗಾಲದ ಮೊದಲ ಹಿಮವನ್ನು ಅಲ್ಲೇ ಕಂಡದ್ದು. ಆದರೆ ಪಕ್ಕದ ಮನೆಯವರ ಅಡುಗೆಮನೆ ಯಾವ ದಿಕ್ಕಿಗಿದೆ ಎಂಬುದು ಹೊರಟು ಬರುವವರೆಗೂ ತಿಳಿಯಲಿಲ್ಲ. ಮಕ್ಕಳನ್ನು ನೋಡಲು ಹೋಗುವ ನಮ್ಮ ಕಡೆಯ ತಂದೆತಾಯಂದಿರು ಅಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂರುವುದನ್ನು ಕಂಡಾಗೆಲ್ಲ ನನಗೆ ಸವಣೂರಿನ ಕಟ್ಟೆಗಳು ನೆನಪಾದವು. ಮನೆಯ ಮುಂದೆ ಒಂದು ಕಟ್ಟೆ ಕಟ್ಟಿಸುವುದು ಎಷ್ಟು ದೊಡ್ಡ ಔದಾರ್ಯ ಎಂದು ಅಲ್ಲಿ ಹೊಳೆಯಿತು.

ಆ ಮುಂಗಾರಿನಲ್ಲಿ ಸವಣೂರನ್ನು ನೆಲೆ ಮಾಡಿಕೊಂಡು ಉಳಿದ ಊರುಗಳಿಗೂ ಹೋಗಿ ವಸ್ತಿ ಉಳಿಯುತ್ತಿದ್ದೆ. ಹಾನಗಲ್‌ನಲ್ಲಿ ಉಳಿದದ್ದು ತಾರಕೇಶ್ವರ ಗುಡಿಗೆ ಕೂಗಳತೆಯ ಒಂದು ಹೆಂಚಿನ ಮನೆಯಲ್ಲಿ. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಕದಂಬರು ಆಳಿದ ಪಾನುಂಗಲ್ ಇದು; 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಬಂದು ಇಲ್ಲಿಯ ಆನೆಕೆರೆಯ ಬಳಿ ದಂಡು ಇಳಿಸಿದ್ದ. ಇದೇ ವಿರಾಟನಗರ, ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂದು ಊರವರು ಹೇಳುತ್ತಾರೆ. ತಾರಕೇಶ್ವರದ ಮಂಟಪದೊಳಗೆ ಕತ್ತೆತ್ತಿದರೆ ಎಂಟು ಮೂಲೆಯ ದೊಡ್ಡ ಛತ್ತು, ನಡುವೆ ಕೆಳಗಿಳಿದ ಕಲ್ಲಿನ ಕಮಲ. ಹಗಲು ನೋಡಿದ್ದಕ್ಕಿಂತ, ಮಳೆ ಬಂದು ಕರೆಂಟು ಹೋದ ಸಂಜೆ ಓಣಿಯ ಮಕ್ಕಳೊಂದಿಗೆ ಗುಡಿಯ ಕಕ್ಷಾಸನದ ಮೇಲೆ ಕುಳಿತು ಚುರುಮುರಿ ತಿಂದದ್ದು ನನಗೆ ಹೆಚ್ಚು. ಸವಣೂರ ಖಾರಾ ಕಟ್ಟಿಸಿಕೊಂಡು ಬಂದಿದ್ದೆ, ಅದಕ್ಕೆ ಒಳ್ಳೆಯ ಬೇಡಿಕೆ ಇತ್ತು.

ಶಿಗ್ಗಾವಿ ಹೆದ್ದಾರಿಗೆ ಅಂಟಿಕೊಂಡ ಊರಾದ್ದರಿಂದ ಅಲ್ಲಿ ಅಷ್ಟು ನೆಮ್ಮದಿ ಸಿಗಲಿಲ್ಲ. ಬಂಕಾಪುರ ಸಿಕ್ಕಿತು. ಕೋಟೆಯೊಳಗೆ ಖಿಲಾರಿ ದನಗಳ ತಳಿ ಕೇಂದ್ರ, ಅರವತ್ತು ಕಂಬದ ನಗರೇಶ್ವರ ಗುಡಿ, ಕಂದಕದ ಪೊದೆಗಳಲ್ಲಿ ನವಿಲುಗಳು. 2006ರಲ್ಲಿ ಇದನ್ನು ನವಿಲುಧಾಮವೆಂದು ಸಾರಿದರು. ಒಂಬತ್ತನೆಯ ಶತಮಾನದ ಕೊನೆಗೆ ಗುಣಭದ್ರರ ಉತ್ತರಪುರಾಣವನ್ನು ಶಿಷ್ಯ ಲೋಕಸೇನ ಮುಗಿಸಿದ್ದು ಈ ಊರಿನಲ್ಲಿ. ಸೂರ್ಯ ಹುಟ್ಟುವ ಮೊದಲು ಅಲ್ಲಿಯ ಮನೆಯೊಂದರಲ್ಲಿ ಎಚ್ಚರಾದರೆ ನವಿಲಿನ ಕೂಗಿಗೇ ಎಚ್ಚರಾಗಬೇಕು.

ಹಿರೇಕೆರೂರಿನಲ್ಲಿ ಕೆರೆಯೇ ಊರಿನ ಅಂಗಳ. ಅಲ್ಲಿ ನಾನು ತಂಗಿದ್ದ ಮನೆಯ ಹೆಂಗಸರು ಸಂಜೆಯಾದರೆ ಏರಿಯ ಕಡೆಗೇ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿಂದ ಅಬಲೂರಿಗೆ ಹೋಗಿಬಂದೆ. ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಹೊತ್ತಿನ ಶಾಸನವಿದೆ; ಆಳಂದೆಯಿಂದ ಹೊರಟ ಶಿವಭಕ್ತ ಏಕಾಂತದ ರಾಮಯ್ಯ ಪುಲಿಗೆರೆಯಲ್ಲಿ ನಿಂತು ಅಬಲೂರಿಗೆ ಬಂದ ಕಥೆ ಅದರಲ್ಲಿದೆ. ಸರ್ವಜ್ಞನೂ ಇದೇ ಅಬಲೂರು–ಮಾಸೂರು ಸೀಮೆಯವನೆಂಬುದು ಜನರ ನಂಬಿಕೆ.

ಈ ನೆಲ ತಿರುಗಾಡುವವರನ್ನು ಹೆತ್ತಿದೆ. ಸರ್ವಜ್ಞ ಹಾಗೆ. ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರು ಹಾಗೆ. ಅದೇ ತಾಲ್ಲೂಕಿನ ಶಿಶುನಾಳದ ಷರೀಫರು ಶಾಲೆಯ ಮಾಸ್ತರಿಕೆ ಬಿಟ್ಟು ಕಳಸದ ಗೋವಿಂದಭಟ್ಟರ ಹಿಂದೆ ನಡೆದರು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳದು ಎಲ್ಲಕ್ಕಿಂತ ನನ್ನನ್ನು ಕಾಡುವ ಕಥೆ. ಕಣ್ಣಿಲ್ಲದ ಆ ಬಾಲಕನ ಕಂಠ ಕೇಳಿ ಹಾನಗಲ್ ಕುಮಾರಸ್ವಾಮಿಗಳು ಸಂಗೀತ ಕಲಿಯಲು ಏರ್ಪಾಡು ಮಾಡಿದರು. ಮುಂದೆ ಗವಾಯಿಗಳು ಕಟ್ಟಿದ ಸಂಗೀತಶಾಲೆಗೆ ಬಹಳ ಕಾಲ ಸ್ವಂತ ಕಟ್ಟಡವಿರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಹೋಗುತ್ತಿದ್ದ ಸಂಚಾರಿ ಶಾಲೆ ಅದು. ಇದೇ ತಾಲ್ಲೂಕಿನ ಪುಟ್ಟರಾಜ ಗವಾಯಿಗಳೂ ಅದರಲ್ಲೇ ಬೆಳೆದರು, ಕಡೆಗೆ ಗದಗಿನಲ್ಲಿ ಅದು ನೆಲೆ ನಿಂತಿತು. ಕಣ್ಣಿಲ್ಲದ ಮಕ್ಕಳ ಒಂದು ಗುಂಪು ತಂಬೂರಿ ಹೊತ್ತು ಊರಿನೊಳಗೆ ಬಂದಾಗ, ಪಡಸಾಲೆ ಬಿಟ್ಟುಕೊಟ್ಟು ಜೋಳದ ಚೀಲ ಇಳಿಸಿದ ಮನೆಗಳು ಎಷ್ಟಿರಬೇಕು! ಅಂಥ ಮನೆಗಳಿಲ್ಲದೆ ಆ ಶಾಲೆ ಒಂದು ತಿಂಗಳೂ ನಡೆಯುತ್ತಿರಲಿಲ್ಲ. ನನ್ನಂಥ ಅಪರಿಚಿತಳಿಗೆ ಖೋಲಿಯ ಬೀಗ ತೆಗೆದುಕೊಟ್ಟ ಅವ್ವಾರದು ಅದೇ ಪರಂಪರೆ.

ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಇಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ ಓದಿ, ಧಾರವಾಡಕ್ಕೆ ಹೋಗಿ, ಅಲ್ಲಿಂದ ಆಕ್ಸ್‌ಫರ್ಡ್ ತಲುಪಿದರು. ಓಣಿಗಳಿಂದ ಹೊರಟವರ ಸಂಖ್ಯೆ ಈಗ ಇನ್ನೂ ಹೆಚ್ಚು. ಅವ್ವಾರ ಓಣಿಯಲ್ಲಿ ನಾಲ್ಕಾರು ಮನೆಗಳಿಗೆ ಬೀಗ ಬಿದ್ದಿದೆ, ಕೆಲವದರ ಜಂತೆ ಕುಸಿಯುತ್ತಿದೆ. ಇದೇ ನನ್ನ ಕಳವಳ. ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಪ್ರವಾಸಿಗರಿಗೆ ಮನೆವಾಸದ ವ್ಯವಸ್ಥೆ ಬೆಳೆದಂತೆ ಇಲ್ಲಿ ಬೆಳೆದಿಲ್ಲ. ಹತ್ತಾರು ಖೋಲಿಗಳ ಹೊಸ ರೆಸಾರ್ಟು ಬೇಡ. ಹಳೆಯ ಮನೆಗಳ ಮೇಲಿನ ಖೋಲಿಯ ಸೂರು ರಿಪೇರಿ ಮಾಡಿಸಿಕೊಳ್ಳಲು ಒಂದಿಷ್ಟು ನೆರವು, ಒಂದು ಬಚ್ಚಲು, ಬಂದವರ ಹೆಸರು ಬರೆದಿಡಲು ಪುರಸಭೆಯಲ್ಲಿ ಒಂದು ಪುಸ್ತಕ ಸಾಕು. ಒಂಟಿಯಾಗಿ ಉಳಿದ ಹಿರಿಯ ಹೆಂಗಸರ ಕೈಗೆ ನಾಲ್ಕು ಕಾಸು ಸೇರುತ್ತದೆ, ಮಾತಿಗೊಬ್ಬರು ಸಿಗುತ್ತಾರೆ, ಮನೆಯೂ ನಿಲ್ಲುತ್ತದೆ.

ಹೋಗುವ ಮನಸ್ಸಿದ್ದರೆ ಆಷಾಢ ಮುಗಿಯುವ ಹೊತ್ತಿಗೆ ಹೋಗಿ, ಪಂಚಮಿ ಮುಗಿಸಿಕೊಂಡು ಬನ್ನಿ. ಸವಣೂರಿಗೆ ರೈಲು ಯಲವಿಗಿ ನಿಲ್ದಾಣದವರೆಗೆ. ಹುಬ್ಬಳ್ಳಿ, ಹಾವೇರಿ, ಶಿಗ್ಗಾವಿಯಿಂದ ಬಸ್ಸುಗಳಿವೆ. ಹಾನಗಲ್‌ಗೂ ಹಿರೇಕೆರೂರಿಗೂ ಹಾವೇರಿಯಿಂದ ಹೋಗುವುದು ಸುಲಭ. ಛತ್ರಿ ಇರಲಿ, ಕೆಸರಿಗೆ ಒಗ್ಗುವ ಚಪ್ಪಲಿ ಇರಲಿ. ಬಸ್ ನಿಲ್ದಾಣದ ಎದುರಿನ ಚಾದಂಗಡಿಯಲ್ಲಿ ಕುಳಿತು, ನಾಲ್ಕು ದಿನ ವಸ್ತಿ ಇರಬೇಕು ಎಂದು ಹೇಳಿ. ಯಾರ ಮನೆಯ ಮೇಲಿನ ಖೋಲಿ ಖಾಲಿ ಇದೆ ಎಂಬುದು ಅವರಿಗೆ ಗೊತ್ತಿರುತ್ತದೆ.